ಕೊಂಡುಕುರಿಯ ಕಾಡಿನಲ್ಲಿ ಮೊದಲು ನೀರನ್ನು ಅಳೆಯೋಣ

ಕೇಳುಗರಿಗೆ ನಮಸ್ಕಾರ. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬಿರುವ, ಒಂಟಿಯಾಗಿಯೋ ಜೋಡಿಯಾಗಿಯೋ ಬದುಕುವ, ಮನುಷ್ಯರ ಸುಳಿವು ಸಿಕ್ಕೊಡನೆ ಪೊದೆಯಲ್ಲಿ ಮರೆಯಾಗುವ ಈ ಹುಲ್ಲೆಯ ನೆಲೆಯನ್ನು ಕಾಯಲು, ಅಳತೆ ಮಾಡಿ ರೇಡಿಯೊ ಮೂಲಕ ತಿಳಿಸುವ ನಿಸ್ತಂತು ಸೆನ್ಸರ್‌ಗಳ ಜಾಲ ಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಆ ಜಾಲ ಪ್ರಾಣಿಗಳನ್ನು ಎಣಿಸುವುದಕ್ಕಿಂತ ಮೊದಲು ನೀರನ್ನು ಅಳೆಯಬೇಕು ಎಂಬುದು ನನ್ನ ವಾದ.

ಕೊಂಡುಕುರಿ ಆಗಾಗ ನೀರು ಕುಡಿಯಲೇಬೇಕಾದ ಪ್ರಾಣಿ. ನೀರಿನ ನೆಲೆಯನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ. ಜಗಳೂರಿನ ಸೀಮೆಯೋ ಬರಕ್ಕೆ ಹೆಸರಾದದ್ದು. ಬೇಸಿಗೆಯಲ್ಲಿ ಕಾಡೊಳಗಿನ ಗುಂಡಿ ಬತ್ತಿದರೆ ಕೊಂಡುಕುರಿ ಹೊಲದಂಚಿಗೆ ಬರಬೇಕಾಗುತ್ತದೆ, ಅಲ್ಲಿ ನಾಯಿಗಳ ಕಾಟ ತಪ್ಪಿದ್ದಲ್ಲ. ಗುಂಡಿ ಬತ್ತಲಿದೆ ಎಂಬ ಸುದ್ದಿ ಅದು ಬತ್ತುವ ಮೊದಲೇ ತಿಳಿಯಬೇಕು. ಆದರೆ ಅದಕ್ಕಾಗಿ ದಿನವೂ ಜನರು ಅಲ್ಲಿ ಓಡಾಡಿದರೆ ಪ್ರಾಣಿ ನೀರಿಗೇ ಬಾರದಂತಾಗುತ್ತದೆ.

ಈ ಇಕ್ಕಟ್ಟು ಹೊಸದಲ್ಲ. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ, ನೆಲದೊಳಗೆ ಬಿಲ ತೋಡಿ ಮೊಟ್ಟೆಯಿಡುವ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿಗಳ ಅಧ್ಯಯನಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಎಂಜಿನಿಯರ್‌ಗಳು 32 ಸೆನ್ಸರ್ ಘಟಕಗಳನ್ನು ಇಟ್ಟರು. ಕಾವು ಕೂತ ಮೊದಲ ದಿನಗಳಲ್ಲಿ ಮನುಷ್ಯರು ಬಿಲ ಕೆದಕಿದರೆ ಈ ಹಕ್ಕಿ ಗೂಡನ್ನೇ ತೊರೆದುಬಿಡಬಹುದು ಎಂಬುದೇ ಅದಕ್ಕೆ ಕಾರಣವಾಗಿತ್ತು. ಎರಡು ಪೆನ್ಸಿಲ್ ಸೆಲ್‌ಗಳಲ್ಲಿ ಒಂಬತ್ತು ತಿಂಗಳು ನಡೆಯಬೇಕೆಂಬುದು ಅವರ ಗುರಿ. ಪೆಟ್ಟಿಗೆಯೊಳಗೆ ತೇವ ಹೊಕ್ಕು ಹಲವು ಘಟಕಗಳು ಕೆಟ್ಟವು. ನಮ್ಮಲ್ಲಿ ಯೋಜನೆ ಬರೆಯುವವರು ಯಶಸ್ಸಿನ ಜೊತೆಗೆ ಇದನ್ನೂ ಓದಬೇಕು.

ನೀರಿನ ಗುಂಡಿಯ ಮೇಲೆ ಕಂಬಕ್ಕೆ ಕಟ್ಟಿದ, ಅಂಗೈಯಗಲದ ಒಂದು ಡಬ್ಬಿಯನ್ನು ಊಹಿಸಿಕೊಳ್ಳಿ. ಅದು ದಿನದ ಬಹುಪಾಲು ನಿದ್ರಿಸುತ್ತದೆ, ಗಂಟೆಗೊಮ್ಮೆ ಎಚ್ಚೆತ್ತು ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ನೀರಿನ ಮೇಲೆ ಬಿಟ್ಟು, ಅದು ಮರಳಿ ಬರಲು ಹಿಡಿದ ಹೊತ್ತಿನಿಂದ ಮಟ್ಟವನ್ನು ಲೆಕ್ಕ ಹಾಕಿ, ಕೆಲವೇ ಬೈಟ್‌ಗಳ ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಬ್ಯಾಟರಿಯನ್ನು ತಿನ್ನುವುದು ಮುಖ್ಯವಾಗಿ ರೇಡಿಯೊ. ಆದ್ದರಿಂದ ಕಡಿಮೆ ಮಾತಾಡಿದಷ್ಟೂ ಆಯುಷ್ಯ ಹೆಚ್ಚು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಹಸಿ ಎಲೆಗಳು ಹೀರಿಕೊಳ್ಳುವುದರಿಂದ, ಬೇಸಿಗೆಯಲ್ಲಿ ಸರಿಯಾಗಿದ್ದ ಸಂಪರ್ಕ ಮಳೆಗಾಲದಲ್ಲಿ ಕಡಿದುಹೋಗಬಹುದು. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ನಡೆಯುವ, ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ಎಂಬ ರೇಡಿಯೊ ತಂತ್ರ ಇದಕ್ಕೆ ತಕ್ಕದ್ದು. ಡಬ್ಬಿಗಳ ಸಂದೇಶ ಪಡೆದು ಮುಂದೆ ಸಾಗಿಸುವ ಒಂದು ಗೇಟ್‌ವೇಯನ್ನು ಗುಡ್ಡದ ನೆತ್ತಿಯಲ್ಲಿ ಇಟ್ಟರೆ ಅಡ್ಡಿಯಿಲ್ಲದ ಕಡೆ ಹಲವು ಕಿಲೋಮೀಟರ್ ದೂರದ ಸಂದೇಶವನ್ನೂ ಅದು ಹಿಡಿಯುತ್ತದೆ. ಅದರಲ್ಲಿ ಫೋಟೊ ಕಳಿಸಲಾಗದು, ನೀರಿನ ಮಟ್ಟ ತಿಳಿಯಲು ಫೋಟೊ ಬೇಕಾಗಿಯೂ ಇಲ್ಲ.

ನನಗಿರುವ ಆತಂಕ ಯಂತ್ರದ್ದಲ್ಲ, ಆರೈಕೆಯದು. ಜೇಡ ಬಲೆ ನೇಯ್ದರೆ ಅಳತೆ ತಪ್ಪುತ್ತದೆ, ಇರುವೆ ಗೂಡು ಕಟ್ಟುತ್ತದೆ, ಕರಡಿ ಡಬ್ಬಿಯನ್ನೇ ಕಿತ್ತೆಸೆಯಬಹುದು. ಖರೀದಿಗೆ ಹಣವಿಟ್ಟು ಮುಂದಿನ ವರ್ಷಗಳ ದುರಸ್ತಿಗೆ ಏನೂ ಇಡದ ಯೋಜನೆಯನ್ನು ಒಪ್ಪಲೇಬಾರದು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳು ಈ ಡಬ್ಬಿಗಳನ್ನು ತಾವೇ ಕಟ್ಟಬಲ್ಲರು, ಕಾಡಂಚಿನ ಊರುಗಳ ಯುವಕರು ಅವುಗಳನ್ನು ನೋಡಿಕೊಳ್ಳಬಲ್ಲರು. ಈ ಎರಡೂ ಕೆಲಸಕ್ಕೆ ಸಂಬಳ ಕೊಡಬೇಕು.

ಮಾಹಿತಿ ಮೊದಲು ತಲುಪಬೇಕಾದದ್ದು ಬೆಂಗಳೂರಿನ ಪರದೆಗಲ್ಲ, ಆ ಬೀಟಿನ (ಗಸ್ತು ಪ್ರದೇಶದ) ಅರಣ್ಯ ರಕ್ಷಕರ ಮೊಬೈಲಿಗೆ, ಕನ್ನಡದಲ್ಲಿ, ಯಾವ ಗುಂಡಿಗೆ ಎಷ್ಟು ದಿನದೊಳಗೆ ನೀರು ಬೇಕು ಎಂಬ ಒಂದೇ ಸಾಲಿನಲ್ಲಿ. ಗುಂಡಿಗಳ ನಿಖರ ಸ್ಥಳ ಮಾತ್ರ ಸಾರ್ವಜನಿಕ ನಕ್ಷೆಗೆ ಹೋಗಕೂಡದು, ಏಕೆಂದರೆ ಬೇಸಿಗೆಯಲ್ಲಿ ಪ್ರಾಣಿ ಎಲ್ಲಿ ಸಿಗುತ್ತದೆ ಎಂದು ಬೇಟೆಗಾರನಿಗೂ ಅದು ಹೇಳಿಕೊಡುತ್ತದೆ.