ಎಂವಿಪಿ ಯಾರಿಗೆ ಸಲ್ಲಬೇಕು?

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ರಾತ್ರಿ ನಡೆಯುವ ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಪಂದ್ಯ ನಮಗೆ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತದೆ. ಬೆಂಗಳೂರಿನ ಬಾಸ್ಕೆಟ್‌ಬಾಲ್ ಹುಡುಗ ಹುಡುಗಿಯರು ಅದನ್ನು ಮೊಬೈಲ್‌ನಲ್ಲಿ ನೋಡಿಕೊಂಡೇ ಕಾಲೇಜಿಗೆ ಹೊರಡುತ್ತಾರೆ. ಸಂಜೆ ಕಂಠೀರವದಲ್ಲೋ, ಜಯನಗರದಲ್ಲೋ, ಮಲ್ಲೇಶ್ವರದಲ್ಲೋ ಪ್ರಾಕ್ಟೀಸ್ ಮುಗಿದ ಮೇಲೆ ಅದರದ್ದೇ ಮಾತು. ಏಪ್ರಿಲ್ ಬಂತೆಂದರೆ ವಾದ ಜೋರಾಗುತ್ತದೆ. ಈ ಸಲ ಎಂವಿಪಿ, ಅಂದರೆ ಲೀಗಿನ ಮೋಸ್ಟ್ ವ್ಯಾಲ್ಯುಬಲ್ ಪ್ಲೇಯರ್, ತಂಡಕ್ಕೆ ಅತಿ ಹೆಚ್ಚು ಬೆಲೆಯುಳ್ಳ ಆಟಗಾರ ಯಾರು?

ವಾದ ಶುರುವಾದ ಕೂಡಲೇ ಎಲ್ಲರೂ ಪಾಯಿಂಟ್ ಲೆಕ್ಕಕ್ಕೆ ಇಳಿಯುತ್ತಾರೆ. ಯಾರ ಸರಾಸರಿ 30 ದಾಟಿತು, ಯಾರದ್ದು ದಾಟಲಿಲ್ಲ. ಅಲ್ಲಿಂದ ಶುರು ಮಾಡಬಾರದು ಅನ್ನುವುದು ನನ್ನ ಮಾತು. ಒಬ್ಬ ಆಟಗಾರ ಕೋರ್ಟಿಗೆ ಇಳಿದಾಗ ಜೊತೆಯ ನಾಲ್ವರ ಆಟ ಹೇಗಾಗುತ್ತದೆ? ಅವನು ಬೆಂಚಿಗೆ ಹೋಗಿ ಕೂತಾಗ ಏನಾಗುತ್ತದೆ? ಮೊದಲು ನೋಡಬೇಕಾದ್ದು ಅದನ್ನು.

ಈ ಪ್ರಶಸ್ತಿ ಮೊದಲು ಸಿಕ್ಕಿದ್ದು 1956ರಲ್ಲಿ, ಬಾಬ್ ಪೆಟಿಟ್‌ಗೆ. ಈಗ ಪತ್ರಕರ್ತರು ಮತ್ತು ಕಾಮೆಂಟರಿ ಹೇಳುವವರು ಮತ ಹಾಕುತ್ತಾರೆ. ಒಬ್ಬೊಬ್ಬರೂ ಐದು ಹೆಸರು ಬರೆಯಬೇಕು. ಮೊದಲ ಹೆಸರಿಗೆ 10 ಅಂಕ, ಆಮೇಲೆ 7, 5, 3, 1. ಲೆಕ್ಕಕ್ಕೆ ಬರುವುದು 82 ಪಂದ್ಯಗಳ ಲೀಗ್ ಆಟ ಮಾತ್ರ, ಪ್ಲೇಆಫ್ ಅಲ್ಲ. ಆದರೆ 1980ರವರೆಗೆ ಮತ ಹಾಕುತ್ತಿದ್ದವರು ಆಟಗಾರರೇ. ಇದನ್ನು ನೆನಪಿಡಿ.

1961–62ರ ಸೀಸನ್. ಫಿಲಡೆಲ್ಫಿಯಾ ತಂಡದ ವಿಲ್ಟ್ ಚೇಂಬರ್ಲಿನ್ ಪ್ರತಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದರು. ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್! ಅದೇ ಸೀಸನ್‌ನಲ್ಲಿ ಆಸ್ಕರ್ ರಾಬರ್ಟ್‌ಸನ್ ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸ್) ಮೂರರಲ್ಲೂ ಸರಾಸರಿ ಎರಡಂಕಿ ಮುಟ್ಟಿದರು. ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಇಷ್ಟಾದರೂ ಎಂವಿಪಿ ಸಿಕ್ಕಿದ್ದು ಸರಾಸರಿ 18.9 ಪಾಯಿಂಟ್ ಹೊಡೆದ ಬಾಸ್ಟನ್ ತಂಡದ ಬಿಲ್ ರಸೆಲ್‌ಗೆ. ಇನ್ನೂ ಸೋಜಿಗ ಏನು ಗೊತ್ತಾ? ಪತ್ರಕರ್ತರು ಆರಿಸಿದ ಆ ವರ್ಷದ ಮೊದಲ ಐವರ ತಂಡದಲ್ಲಿ ರಸೆಲ್ ಇರಲಿಲ್ಲ. ಸೆಂಟರ್ ಜಾಗಕ್ಕೆ, ಅಂದರೆ ಬುಟ್ಟಿಯ ಹತ್ತಿರ ಆಡುವ ಆಟಗಾರನ ಜಾಗಕ್ಕೆ, ಅವರು ಹಾಕಿದ್ದು ಚೇಂಬರ್ಲಿನ್ ಹೆಸರನ್ನು. ಎದುರು ನಿಂತು ಆಡಿದವರು ಮಾತ್ರ ರಸೆಲ್ ಅಂದರು.

ಯಾಕೆ? ಬಾಸ್ಟನ್ 60 ಪಂದ್ಯ ಗೆದ್ದಿತ್ತು, ಅದೊಂದು ಕಾರಣ ಹೌದು. ಆದರೆ ಗೆಲುವು ಬಂದದ್ದಾದರೂ ಹೇಗೆ ನೋಡಿ. ಬೇರೆಯವರು ಶಾಟ್ ತಡೆದರೆ ಚೆಂಡನ್ನು ಪ್ರೇಕ್ಷಕರ ಕಡೆಗೆ ಬಡಿದು ಕಳಿಸುತ್ತಿದ್ದರು. ನೋಡೋಕೆ ಚೆಂದ, ಆದರೆ ಚೆಂಡು ಮತ್ತೆ ಎದುರಾಳಿಗೇ. ರಸೆಲ್ ಮೆಲ್ಲಗೆ ತಟ್ಟಿ ಚೆಂಡನ್ನು ಕೋರ್ಟಿನೊಳಗೇ ಉಳಿಸುತ್ತಿದ್ದರು. ತಂಡದವರು ಅದನ್ನು ಹಿಡಿದು ಇನ್ನೊಂದು ತುದಿಗೆ ಓಡುತ್ತಿದ್ದರು. ಎದುರಾಳಿ ಬುಟ್ಟಿಯ ಹತ್ತಿರ ಬರೋಕೇ ಹಿಂದೆಮುಂದೆ ನೋಡುತ್ತಿದ್ದ. ಹೊಡೆಯದೇ ಬಿಟ್ಟ ಶಾಟನ್ನು ಯಾರು ಎಣಿಸುತ್ತಾರೆ? ಆಗ ತಡೆದ ಶಾಟ್‌ಗಳನ್ನು, ಅಂದರೆ ಬ್ಲಾಕ್‌ಗಳನ್ನು ಕೂಡ ಎಣಿಸುತ್ತಿರಲಿಲ್ಲ. ಎನ್‌ಬಿಎ ಅದರ ಲೆಕ್ಕ ಇಡಲು ಶುರು ಮಾಡಿದ್ದು 1973–74ರಲ್ಲಿ. ರಸೆಲ್ 1969ರಲ್ಲೇ ಆಟ ಬಿಟ್ಟಿದ್ದರು. ಅವರ ದೊಡ್ಡ ಕೆಲಸಕ್ಕೆ ಸ್ಕೋರ್ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಮೈಮೇಲೆ ಅನುಭವಿಸಿದವರಿಗೆ ಮಾತ್ರ ಅದು ಗೊತ್ತಿತ್ತು. ಈ ಪ್ರಶಸ್ತಿಯ ಇತಿಹಾಸದಲ್ಲಿ ಆ ಮತದಾನಕ್ಕಿಂತ ಸರಿಯಾದ ತೀರ್ಮಾನ ನನಗೆ ಕಾಣುವುದಿಲ್ಲ.

ಹಾಗಾದರೆ ಜಾಸ್ತಿ ಗೆದ್ದ ತಂಡದ ಸ್ಟಾರ್‌ಗೆ ಕೊಟ್ಟುಬಿಟ್ಟರೆ ಆಯಿತಲ್ವಾ ಅಂತ ಕೇಳಬಹುದು. ಇಲ್ಲ. 1976ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಇದ್ದ ಲೇಕರ್ಸ್ ತಂಡ 40 ಗೆದ್ದು 42 ಸೋತಿತು, ಪ್ಲೇಆಫ್‌ಗೂ ಹೋಗಲಿಲ್ಲ. ಆದರೂ ಆಟಗಾರರು ಕರೀಮ್‌ಗೇ ಮತ ಹಾಕಿದರು. ಸಾಧಾರಣ ತಂಡವನ್ನು ಅಷ್ಟು ದೂರ ಎಳೆದು ತರುವುದೂ ಬೆಲೆಯೇ.

ಇನ್ನು 2005ರ ಎಂವಿಪಿ ಸ್ಟೀವ್ ನ್ಯಾಶ್. ಫೀನಿಕ್ಸ್ ತಂಡ 2003–04ರಲ್ಲಿ ಗೆದ್ದದ್ದು 29 ಪಂದ್ಯ. ಮರುವರ್ಷ ನ್ಯಾಶ್ ಬಂದರು, ಗೆಲುವು 62ಕ್ಕೆ ಏರಿತು. ಅವರ ಸರಾಸರಿ ಬರೀ 15.5 ಪಾಯಿಂಟ್, ಆದರೆ ಅಸಿಸ್ಟ್ 11.5. ಕೋಚ್ ಡಿ'ಆಂಟೊನಿ ಕಲಿಸಿದ ವೇಗದ ಆಟದ ಪಾಲೂ ಅದರಲ್ಲಿದೆ, ನಿಜ. ಆದರೆ ಆ ವೇಗಕ್ಕೆ ದಾರಿ ತೋರಿಸಿದ ಕೈ ನ್ಯಾಶ್ ಅವರದು.

2017ರ ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಿಲ್ಲ. ಎಂವಿಪಿ ಆದ ರಸೆಲ್ ವೆಸ್ಟ್‌ಬ್ರೂಕ್ ಆಸ್ಕರ್ ಥರ ಮೂರರಲ್ಲೂ ಎರಡಂಕಿ ಸರಾಸರಿ ತಂದರು. ದೊಡ್ಡ ಸಾಧನೆ. ಅವರ ತಂಡ 47 ಗೆದ್ದಿತು. ಜೇಮ್ಸ್ ಹಾರ್ಡನ್ ಅದೇ ವರ್ಷ ಅಸಿಸ್ಟ್‌ನಲ್ಲಿ ಲೀಗಿಗೇ ಮೊದಲಿಗರು, ಅವರ ಹ್ಯೂಸ್ಟನ್ ತಂಡ 41 ಗೆಲುವಿನಿಂದ 55ಕ್ಕೆ ಹೋಯಿತು. ನನ್ನ ಕೈಯಲ್ಲಿ ಮತ ಇದ್ದಿದ್ದರೆ ಹಾರ್ಡನ್‌ಗೆ ಹಾಕುತ್ತಿದ್ದೆ.

ಇವತ್ತಿನ ಹುಡುಗರಿಗೆ ತೋರಿಸಬೇಕಾದ ಆಟ ನಿಕೊಲಾ ಯೊಕಿಚ್ ಅವರದು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ 41ನೆಯವರಾಗಿ ಆಯ್ಕೆಯಾದವರು. 2021, 2022, 2024ರಲ್ಲಿ ಎಂವಿಪಿ. ದೊಡ್ಡ ನೆಗೆತ ಇಲ್ಲ, ಭಾರೀ ವೇಗ ಇಲ್ಲ. ಆದರೆ ಚೆಂಡು ಅವರ ಕೈಯಲ್ಲಿದ್ದರೆ ಅವರ ಡೆನ್ವರ್ ತಂಡದ ಉಳಿದ ನಾಲ್ವರೂ ಸುಮ್ನೆ ನಿಲ್ಲುವುದಿಲ್ಲ. ಬುಟ್ಟಿಯ ಕಡೆ ಓಡಿದರೆ ಪಾಸ್ ಬಂದೇ ಬರುತ್ತದೆ ಅಂತ ಅವರಿಗೆ ಗೊತ್ತು. ಜೊತೆಗಾರರಲ್ಲಿ ಆ ನಂಬಿಕೆ ಹುಟ್ಟಿಸುವವನೇ ನನ್ನ ಲೆಕ್ಕದಲ್ಲಿ ಎಂವಿಪಿ.

ಮೈದಾನದಲ್ಲಿ ಇರುವುದೂ ಮುಖ್ಯ. 2023–24ರಿಂದ ಕನಿಷ್ಠ 65 ಪಂದ್ಯ ಆಡದಿದ್ದರೆ ಎಂವಿಪಿ ಇಲ್ಲ ಅನ್ನುವ ನಿಯಮ ಬಂದಿದೆ. ಗಾಯಗೊಂಡವನಿಗೆ ಕಷ್ಟವೇ. ಆದರೂ ನಿಯಮ ಸರಿ. ಬೆಂಚಿನಲ್ಲಿ ಕೂತವನಿಂದ ಆವತ್ತಿನ ತಂಡಕ್ಕೆ ಏನು ಸಿಕ್ಕೀತು?

ನಮ್ಮೂರಿನ ಟೂರ್ನಿಗಳ ಬಗ್ಗೆ ಒಂದು ಮಾತು. ಬೆಸ್ಟ್ ಪ್ಲೇಯರ್ ಕಪ್ ಬಹಳಷ್ಟು ಸಲ ಜಾಸ್ತಿ ಪಾಯಿಂಟ್ ಹೊಡೆದವರಿಗೇ ಹೋಗುತ್ತದೆ. ಹಾಗಾಗಿ ಹತ್ತು ವರ್ಷದ ಮಗು ಕೂಡ ಪಾಸ್ ಕೊಡುವ ಬದಲು ತಾನೇ ಶಾಟ್ ಹೊಡೆಯೋಕೆ ನೋಡುತ್ತದೆ. ಸ್ಕೋರರ್ ಮೇಜಿನಲ್ಲಿ ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ ಬರೆಯಲು ಇನ್ನೊಬ್ಬರನ್ನು ಕೂರಿಸಿ. ಖರ್ಚೇನೂ ಇಲ್ಲ. ಆಮೇಲೆ ಆಟಗಾರರ ಕೈಗೇ ಚೀಟಿ ಕೊಡಿ. ತಮ್ಮ ತಂಡದವರನ್ನು ಬಿಟ್ಟು ಒಂದು ಹೆಸರು ಬರೆಯಲಿ. ಫೈನಲ್ ಸೋತವರನ್ನೇ ಮೊದಲು ಕೇಳಿ: ನಾಳೆ ಇದೇ ಪಂದ್ಯ ಮತ್ತೆ ಆಡಬೇಕಾದರೆ, ಎದುರಿನ ತಂಡದಲ್ಲಿ ಯಾರು ಇಲ್ಲದಿದ್ದರೆ ನಿಮಗೆ ಜಾಸ್ತಿ ಖುಷಿ?

ನಮಸ್ಕಾರ.