ಲಂಕೆಯ ಕಡಲೂರುಗಳಲ್ಲಿ ಮಧ್ಯಾಹ್ನದ ಊಟ

ಸಭಿಕರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯಾದ್ದರಿಂದ ಶ್ರೀಲಂಕಾದ ಬೆಂತೋಟ, ಹಿಕ್ಕಡುವ, ಉನವಟುನ, ಮಿರಿಸ್ಸಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಅಲ್ಲಿನ ಊಟ ದುಬಾರಿ, ಮೇಲಾಗಿ ಎಲ್ಲ ಊರಲ್ಲೂ ಒಂದೇ ರುಚಿ ಎಂಬ ದೂರನ್ನು ಹೋಗಿಬಂದವರ ಬಾಯಲ್ಲಿ ಕೇಳುತ್ತೇವೆ. ದೂರಿನಲ್ಲಿ ಹುರುಳಿದೆ, ಆದರೆ ಹಾಗೆನ್ನುವವರು ಉಂಡದ್ದು ಬಹುಮಟ್ಟಿಗೆ ರಾತ್ರಿಯಲ್ಲಿ, ಮರಳಿನ ಮೇಲೆ ಹಾಕಿದ ಮೇಜುಗಳಲ್ಲಿ. ಆ ತೀರದ ನಿಜವಾದ ಅಡುಗೆಯನ್ನು ಹಗಲಿನಲ್ಲಿ, ಹೆದ್ದಾರಿಯ ಆಚೆ ಬದಿಯಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ರಾತ್ರಿಯ ಪಟ್ಟಿ ಒಂದೇ ಆಗುವುದಕ್ಕೆ ಕಾರಣವಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನಿಂದ ಈ ಕಡಲು ಒರಟಾಗುವುದರಿಂದ, ವರ್ಷದ ಬಾಡಿಗೆಯನ್ನೂ ಸಂಬಳವನ್ನೂ ಹೋಟೆಲಿನವರು ಉಳಿದ ತಿಂಗಳುಗಳಲ್ಲೇ ದುಡಿದುಕೊಳ್ಳಬೇಕು. ಎಲ್ಲ ದೇಶದವರಿಗೂ ಒಪ್ಪುವಂತೆ ಪಿಜ್ಜಾ, ಫ್ರೈಡ್ ರೈಸ್, ಸುಟ್ಟ ಸೀಗಡಿ ಎಂದು ಬರೆದುಬಿಡುವುದು ಅವರಿಗೆ ಸುರಕ್ಷಿತ. ಅದನ್ನು ತಪ್ಪೆನ್ನಲಾರೆ, ಆದರೆ ಅದಕ್ಕಾಗಿ ಸಮುದ್ರ ದಾಟಬೇಕಿಲ್ಲ.

ಮಧ್ಯಾಹ್ನದ ‘ರೈಸ್ ಅಂಡ್ ಕರಿ’ ಅಂಗಡಿಗಳಿಗೆ ಬರುವವರು ಬಸ್ ಚಾಲಕರು, ಬ್ಯಾಂಕಿನ ನೌಕರರು, ಶಾಲೆಯ ಮೇಷ್ಟ್ರುಗಳು. ಅನ್ನದ ಸುತ್ತ ತೆಂಗಿನ ಹಾಲಿನಲ್ಲಿ ಬೆಂದ ಬೇಳೆ, ಬೀಟ್‌ರೂಟ್, ಎಳೆ ಹಲಸಿನ ಪಲ್ಯ, ಕಾಯಿತುರಿಯೊಡನೆ ಕಲಸಿದ ಹಸಿ ಒಂದೆಲಗ, ಹಪ್ಪಳ, ಒಂದು ಮೀನು. ಆ ಮೀನು ‘ಅಂಬುಲ್ ತಿಯಲ್’ ಆಗಿದ್ದರೆ ಬೇರೇನನ್ನೂ ಕೇಳಬೇಡಿ. ಟ್ಯೂನಾ ಮೀನಿನ ತುಂಡುಗಳಿಗೆ ಗೊರಕ ಎಂಬ ಹುಳಿಹಣ್ಣು ಮತ್ತು ಕರಿಮೆಣಸಿನ ಅರೆಪನ್ನು ಬಳಿದು, ನೀರೆಲ್ಲ ಇಂಗುವವರೆಗೆ ಮಣ್ಣಿನ ಮಡಕೆಯಲ್ಲಿ ಬೇಯಿಸುತ್ತಾರೆ. ಹುಳಿಯ ಬಲದಿಂದ ಅದು ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡದು. ಗೊರಕವೆಂದರೆ ನಮ್ಮ ಮಲೆನಾಡಿನ ಉಪ್ಪಾಗೆಯೇ. ಕೊಡಗಿನವರು ಅದರ ರಸವನ್ನು ಕಾಯಿಸಿ ಕಾಚಂಪುಳಿ ಮಾಡಿದರೆ, ಲಂಕೆಯವರು ಒಣಗಿದ ಸಿಪ್ಪೆಯನ್ನೇ ಅರೆಯುತ್ತಾರೆ. ಊಟದ ಕೊನೆಗೆ ಎಮ್ಮೆ ಮೊಸರಿನ ಮೇಲೆ ಬಗನಿ ಮರದ ಪಾಕ ಸುರಿದುಕೊಂಡು ತಿನ್ನಬಹುದು. ಎರಡು ಗಂಟೆ ದಾಟಿದ ಮೇಲೆ ಹೋದವರಿಗೆ ತಳ ಕಂಡ ಮಡಕೆಗಳೇ ಗತಿ.

ಸಸ್ಯಾಹಾರಿಗಳಿಗೆ ಈ ಊಟ ಒಗ್ಗುತ್ತದೆ, ಒಂದು ಎಚ್ಚರಿಕೆಯೊಂದಿಗೆ. ನಮ್ಮ ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ ‘ಉಂಬಲಕಡ’, ಅಂದರೆ ಒಣಗಿಸಿದ ಮಾಲ್ಡೀವ್ಸ್ ಮೀನಿನ ಪುಡಿ, ಇರುವುದುಂಟು. ಕೆಲವು ಅಡುಗೆಮನೆಗಳಲ್ಲಿ ಬೇಳೆಗೂ ಅದು ಬೀಳುತ್ತದೆ. ‘ಮೀನು ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಉಂಬಲಕಡವನ್ನು ಹೆಸರಿಟ್ಟೇ ಕೇಳಬೇಕು.

ಕಡಲ ದಂಡೆಯ ರಾತ್ರಿಯೂಟವನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಾರೆ. ಮಂಜುಗಡ್ಡೆಯ ಮೇಲೆ ಜೋಡಿಸಿಟ್ಟ ಮೀನಿನಲ್ಲಿ ನಮಗೆ ಬೇಕಾದುದನ್ನು ಆರಿಸಿ ಸುಡಿಸಿಕೊಳ್ಳುವ ಸುಖವೂ ಒಂದು ಸುಖವೇ. ಹುಣ್ಣಿಮೆಯ ಪೋಯ ದಿನ ಮದ್ಯ ಮಾರುವಂತಿಲ್ಲ ಎಂಬುದು ತಿಳಿದಿರಲಿ. ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರ ಸೇವಾಶುಲ್ಕ ಸೇರುತ್ತದೆ. ದೊಡ್ಡ ಹೋಟೆಲುಗಳಲ್ಲಿ, 2024ರ ಜನವರಿಯಿಂದ ಶೇಕಡಾ 18ಕ್ಕೆ ಏರಿದ ವ್ಯಾಟ್ ಕೂಡ. ಮೀನನ್ನು ತೂಕದ ಲೆಕ್ಕದಲ್ಲಿ ಮಾರುವ ಕಡೆ ಅದು ಕೆಂಡಕ್ಕೆ ಹೋಗುವ ಮೊದಲೇ ತೂಗಿಸಿ, ಹೇಳಿದ ದರದಲ್ಲಿ ಸುಡುವ ಕೂಲಿಯೂ ಅನ್ನವೂ ಸೇರಿದೆಯೇ ಎಂದು ವಿಚಾರಿಸಿಕೊಂಡೇ ಕುರ್ಚಿ ಎಳೆದುಕೊಳ್ಳಿ.