ಪ್ರಕಾಶಂ ಅವರ ಲೆಕ್ಕದ ಪುಸ್ತಕ

ನಮಸ್ಕಾರ. ಸ್ವಾತಂತ್ರ್ಯ ಹೋರಾಟಗಾರ ಟಂಗುಟೂರಿ ಪ್ರಕಾಶಂ ಅಂದ ಕೂಡಲೇ ಎಲ್ಲರೂ ಒಂದೇ ಕತೆ ಹೇಳುತ್ತಾರೆ. 1928ರ ಫೆಬ್ರವರಿ, ಮದ್ರಾಸು, ಸೈಮನ್ ಕಮಿಷನ್ ವಿರುದ್ಧ ಪ್ರತಿಭಟನೆ. ಪೊಲೀಸರ ಬಂದೂಕಿಗೆ ಇವರು ಎದೆಯೊಡ್ಡಿ ನಿಂತರು, 'ಆಂಧ್ರಕೇಸರಿ' ಆದರು. ಸರಿ, ದೊಡ್ಡ ಮಾತೇ. ಆದರೆ ನನಗೆ ಅವರ ಲೆಕ್ಕದ ಪುಸ್ತಕದ ಮೇಲೆ ಕುತೂಹಲ ಜಾಸ್ತಿ.

ಇವರು ಬಡವರ ಮನೆ ಹುಡುಗ. ಒಂಗೋಲಿನಲ್ಲಿ ತಾಯಿ ಊಟದ ಮನೆ ನಡೆಸಿ ಸಾಕಿದರು. ಮುಂದೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ, ಮದ್ರಾಸು ಹೈಕೋರ್ಟಿನಲ್ಲಿ ಕೈತುಂಬ ದುಡಿದರು. 1921ರಲ್ಲಿ ವಕೀಲಿ ಬಿಟ್ಟು 'ಸ್ವರಾಜ್ಯ' ಪತ್ರಿಕೆ ಶುರು ಮಾಡಿದರು. ಅದೂ ಒಂದು ಭಾಷೆಯಲ್ಲಲ್ಲ, ಇಂಗ್ಲಿಷ್, ತೆಲುಗು, ತಮಿಳು ಮೂರರಲ್ಲೂ! ದುಡಿದದ್ದನ್ನೆಲ್ಲ ಅದಕ್ಕೇ ಸುರಿದರು. ಖಾಸಾ ಸುಬ್ಬರಾವ್ ಅವರಂಥ ಪತ್ರಕರ್ತರು ಅಲ್ಲಿ ಪಳಗಿದರು. ಸಂಬಳ ಸರಿಯಾಗಿ ಸಿಗದಿದ್ದರೂ ಜನ ಬಿಟ್ಟು ಹೋಗುತ್ತಿರಲಿಲ್ಲ. ಸಾಲ ಮಾತ್ರ ಬೆಳೆಯುತ್ತಲೇ ಹೋಯಿತು. 1930ರ ದಶಕದಲ್ಲಿ ಪತ್ರಿಕೆ ನಿಂತಿತು.

ಇದನ್ನು ತ್ಯಾಗ ಅನ್ನಬಹುದು. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಜನ ಕೊಟ್ಟ ಹಮ್ಮಿಣಿಯನ್ನು ಅವರು ಸ್ವಂತ ಖರ್ಚಿಗೂ ಬಳಸುತ್ತಿದ್ದರು. ಗಾಂಧೀಜಿ ಅದನ್ನು ಒಪ್ಪಲಿಲ್ಲ. 1946ರಲ್ಲಿ ಮದ್ರಾಸು ಪ್ರಾಂತ್ಯದ ಸರ್ಕಾರದ ಮುಖ್ಯಸ್ಥನ ಸ್ಥಾನಕ್ಕೆ ಇವರು ಬೇಡ ಎಂದೇ ಅವರ ಅಭಿಪ್ರಾಯ. ಶಾಸಕರು ಕೇಳಲಿಲ್ಲ, ಇವರನ್ನೇ ಆರಿಸಿದರು. ವರ್ಷ ತುಂಬುವ ಮೊದಲೇ ಕುರ್ಚಿ ಹೋಯಿತು. ಪ್ರಕಾಶಂ ಹಣ ಕೂಡಿಟ್ಟವರಲ್ಲ, ನಿಜ. ಆದರೂ ಗಾಂಧಿ ಕೇಳಿದ್ದು ನ್ಯಾಯವಾದದ್ದೇ, ಅಲ್ವಾ?

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಎಂಬತ್ತು ದಾಟಿದ ಇವರೇ ಮೊದಲ ಮುಖ್ಯಮಂತ್ರಿ. ಅದೇ ದಿನ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ನಮ್ಮ ಗಡಿ ಕಡೆಯ ಹಿರಿಯರಿಗೆ ಆ ನೋವು ಇನ್ನೂ ಹೋಗಿಲ್ಲ. ಆಂಧ್ರದ ರಾಜಧಾನಿ ಆಗ ಕರ್ನೂಲು, ಎಷ್ಟೋ ಕಚೇರಿಗಳು ಡೇರೆಗಳಲ್ಲಿ! 1954ರ ನವೆಂಬರಿನಲ್ಲಿ ಪಾನನಿಷೇಧದ ಜಗಳದಲ್ಲಿ ಸರ್ಕಾರ ಬಿತ್ತು. ಎಷ್ಟು ಮತದಿಂದ? ಬರೀ ಒಂದರಿಂದ.

ಇಂಥ ಮನುಷ್ಯನಿಗೆ ಮತ ಹಾಕುತ್ತೀರಾ ಎಂದು ಕೇಳಿದರೆ, ಹಾಕುತ್ತಿದ್ದೆ. ಆದರೆ ಖಜಾನೆಯ ಬೀಗದ ಕೈ ಬೇರೆಯವರ ಹತ್ತಿರ ಇರಬೇಕು ಅನ್ನುತ್ತಿದ್ದೆ. ನೀವೇನಂತೀರಿ?